ಮೇಲಿನ ಹತ್ತು ಸುತ್ತು

ಅಕ್ಟೋಬರ್ 6, ಸೋಮವಾರ

ಇವತ್ತಿನಿಂದ ಮನೆಯಲ್ಲಿ ಪರೀಕ್ಷೆಯ ಮಾತು ಎತ್ತಕೂಡದು ಎಂದು ಹೆಂಡತಿಯ ಕಟ್ಟಪ್ಪಣೆಯಾಗಿದೆ. ಊಟಕ್ಕೆ ಕೂತಾಗ "ಎಷ್ಟಾಯ್ತು ಓದು?" ಎಂದು ನಾನು ಮಗಳನ್ನು ಕೇಳಿದ್ದು ಒಂದೇ ಒಂದು ಸಲ. ತಾಯಿ ಮಗಳು ಇಬ್ಬರೂ ಸೇರಿ ನಾಲ್ಕು ಸಲ ಎನ್ನುತ್ತಾರೆ. ಮೂವತ್ತು ವರ್ಷ ತಂತಿಯ ಸುತ್ತು ಎಣಿಸಿಕೊಂಡೇ ಬದುಕಿದವನ ಲೆಕ್ಕಕ್ಕೆ ಈ ಮನೆಯಲ್ಲಿ ಇಷ್ಟೇ ಬೆಲೆ.

ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದು ನನಗೆ ಆಗಿಬರುವುದಿಲ್ಲ. ಅದಕ್ಕೇ ತಂತಿ ಕಂಪನಿಯವರು ಕೊಟ್ಟಿದ್ದ ಈ ನೋಟ್‌ಬುಕ್ಕನ್ನು ಹುಡುಕಿ ತೆಗೆದೆ. ಸುಟ್ಟುಹೋದ ಮೋಟಾರು, ಟ್ರಾನ್ಸ್‌ಫಾರ್ಮರುಗಳ ಹಳೇ ತಂತಿ ಕಿತ್ತು ಹೊಸದು ಸುತ್ತಿಕೊಡುವುದು ನನ್ನ ಕೆಲಸ, ಮನೆಯ ಮುಂದಿನ ಕೋಣೆಯೇ ಅಂಗಡಿ. ಸುತ್ತಿದ ಮೇಲೆ ವಾರ್ನಿಷ್ ಹೊಯ್ದು ಒಣಗಲು ಇಡಬೇಕು. ಅದು ಒಣಗುವ ಹೊತ್ತಿನಲ್ಲಿ ನನಗೆ ಕೆಲಸವಿರುವುದಿಲ್ಲ. ಈಗ ಇದನ್ನು ಬರೆಯುತ್ತಿರುವುದೂ ಅಂಥ ಹೊತ್ತಿನಲ್ಲೇ.

ವಿಷಯ ಇಷ್ಟು. ಮಗಳು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಮುಗಿಸಿದ್ದಾಳೆ. ಇನ್ನೂ ಮೇಲೆ ಓದಬೇಕು ಎಂದು ಪ್ರವೇಶ ಪರೀಕ್ಷೆ ಬರೆಯುತ್ತಿದ್ದಾಳೆ. ಎರಡು ಸಲ ಬರೆದು ಎರಡು ಸಲವೂ ಕೂದಲೆಳೆಯಲ್ಲಿ ತಪ್ಪಿತು. ಇದು ಮೂರನೆಯದು, ಇದೇ ಕೊನೆಯದು ಎಂದು ಅವಳೇ ಹೇಳಿದ್ದಾಳೆ. ಸಿಗದಿದ್ದರೆ ಕೇಬಲ್ ಕಂಪನಿಯೊಂದರಲ್ಲಿ ಮಾರಾಟದ ಕೆಲಸ ಕಾದಿದೆ. ಕೇಬಲಿನ ತುಂಡುಗಳನ್ನು ಚೀಲದಲ್ಲಿ ತುಂಬಿಕೊಂಡು ಕಟ್ಟಡದಿಂದ ಕಟ್ಟಡಕ್ಕೆ ಅಲೆಯಬೇಕು. ಕೆಲಸವೇನೂ ಕೀಳಲ್ಲ. ಆದರೆ ಆ ಚೀಲದ ಮಾತು ಬಂದಾಗ ಅವಳ ಮುಖ ನೋಡಲಾಗದೆ ನಾನು ಅಂಗಡಿಗೆ ಎದ್ದುಹೋಗುತ್ತೇನೆ.

ಅಕ್ಟೋಬರ್ 9, ಗುರುವಾರ

ಫ್ಯೂಸು ತನ್ನ ಕೋಣೆಯ ಗೋಡೆಗೆ ದೊಡ್ಡ ಹಾಳೆಯೊಂದನ್ನು ಅಂಟಿಸಿದ್ದಾಳೆ. (ಮಗಳನ್ನು ನಾನು ಚಿಕ್ಕಂದಿನಿಂದ ಕರೆಯುವುದೇ ಹಾಗೆ. ಸ್ವಲ್ಪ ಹೆಚ್ಚುಕಡಿಮೆಯಾದರೆ ಹಾರುತ್ತಾಳೆ.) ಓದಬೇಕಾದ ವಿಷಯಗಳ ಪಟ್ಟಿ, ಎದುರಿಗೆ ತಾರೀಕು. ಅವಳು ಸ್ನಾನಕ್ಕೆ ಹೋದಾಗ ಒಳಗೆ ಹೋಗಿ ನೋಡಿದೆ. ಮಾತೆತ್ತಬಾರದು ಎಂದರೆ ನೋಡಬಾರದು ಎಂದೇನೂ ಅಲ್ಲವಲ್ಲ.

ಹನ್ನೊಂದು ವಿಷಯ! ಮೊದಲು ಗಣಿತ. ಆಮೇಲೆ ಸರ್ಕ್ಯೂಟು, ವಿದ್ಯುತ್ಕಾಂತ ಕ್ಷೇತ್ರ, ಸಿಗ್ನಲ್ಲು, ಪವರ್ ಸಿಸ್ಟಮ್, ಅಳತೆ, ಎಲೆಕ್ಟ್ರಾನಿಕ್ಸು. ಅದು ಸಾಲದು ಎಂದು ಪವರ್ ಎಲೆಕ್ಟ್ರಾನಿಕ್ಸು ಬೇರೆ. ಕಂಟ್ರೋಲ್ ಸಿಸ್ಟಮ್ ಎಂಬುದೂ ಇದೆ. ನಮ್ಮ ಮನೆಯಲ್ಲಿ ಅದು ಹೆಂಡತಿಯ ಕೈಯಲ್ಲಿರುವುದರಿಂದ ಅದೊಂದು ಮಾತ್ರ ನನಗೆ ಓದದೆಯೇ ಅರ್ಥವಾಯಿತು. ಸಾಮಾನ್ಯ ಬುದ್ಧಿ ಎಂಬುದು ಇನ್ನೊಂದು ವಿಷಯ. ಅದಕ್ಕೂ ಅಂಕ ಕೊಡುತ್ತಾರಂತೆ.

"ಅದನ್ನ ನೀವೂ ಸ್ವಲ್ಪ ಓದ್ಕೊಳ್ರೀ," ಎಂದು ಬೆನ್ನ ಹಿಂದಿನಿಂದ ಹೆಂಡತಿಯ ದನಿ ಬಂತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಯಾರಿಗೆ ಯಾವ ಗುಳಿಗೆ ಬೇಕೆಂದು ಮುಖ ನೋಡಿಯೇ ಹೇಳುತ್ತಾಳೆ.

ಪಟ್ಟಿಯ ಕಟ್ಟಕಡೆಗೆ ಕೆಂಪು ಶಾಯಿಯಲ್ಲಿ "ಮೆಷಿನ್ಸ್" ಎಂದು ಬರೆದಿತ್ತು. ಅಂದರೆ ಮೋಟಾರು, ಜನರೇಟರು, ಟ್ರಾನ್ಸ್‌ಫಾರ್ಮರು. ಅಂದರೆ ನನ್ನ ಅಂಗಡಿ! ಎರಡು ಸಲವೂ ಅವಳಿಗೆ ಅಂಕ ಕಡಿಮೆ ಬಂದದ್ದು ಅದರಲ್ಲೇ ಎಂದು ಹೆಂಡತಿ ಹೇಳಿದಳು. ಖಾಲಿ ಮೋಟಾರಿನ ಹೊಟ್ಟೆಯೊಳಗೆ ಗೊಂಬೆ ಮಲಗಿಸಿ ಆಡಿದ ಹುಡುಗಿ ಇವಳು. ಇವಳಿಗೆ ಮೋಟಾರಿನಲ್ಲಿ ಅಂಕ ಬರುವುದಿಲ್ಲ ಎಂದರೆ ನಾಚಿಕೆಪಡಬೇಕಾದವರು ಯಾರು?

ಸರಿ, ಈ ಒಂದು ವಿಷಯ ನಾನೇ ಹೇಳಿಕೊಡುತ್ತೇನೆ. ಪುಸ್ತಕದ ಬದನೆಕಾಯಿಯಿಂದ ಮೋಟಾರು ತಿರುಗುವುದಿಲ್ಲ.

ಅಕ್ಟೋಬರ್ 12, ಭಾನುವಾರ

ಮೊದಲ ಪಾಠ. ಬೇಕರಿಯವರ ಹಿಟ್ಟು ಕಲಸುವ ಯಂತ್ರದ ಮೋಟಾರು ಸುಟ್ಟು ಬಂದಿತ್ತು. ಅದನ್ನೇ ಬಿಚ್ಚಿ ಎದುರಿಗಿಟ್ಟು ಒಂದು ಗಂಟೆ ವಿವರಿಸಿದೆ. ತಂತಿಯ ಯಾವ ಕಾಯಿಲು ಎಲ್ಲಿಂದ ಎಲ್ಲಿಗೆ, ಅದರ ಕೆಳಗಿನ ಕಾಗದ ಹೇಗೆ ಮಡಚಬೇಕು, ಸುಟ್ಟ ವಾರ್ನಿಷಿನ ವಾಸನೆಯಿಂದಲೇ ತಪ್ಪು ಯಾರದು ಎಂದು ಹೇಗೆ ಹೇಳಬಹುದು, ಒಂದನ್ನೂ ಬಿಡಲಿಲ್ಲ. ಫ್ಯೂಸು ಸ್ಟೂಲಿನ ಮೇಲೆ ಕೂತು ಗದ್ದಕ್ಕೆ ಕೈಕೊಟ್ಟು ಕೇಳಿದಳು.

"ಅಪ್ಪಾ, ಇದೆಲ್ಲ ನಂಗೆ ಐದನೇ ಕ್ಲಾಸಲ್ಲೇ ಗೊತ್ತಿತ್ತು," ಎಂದಳು ಕೊನೆಗೆ. "ಈ ನೇಮ್‌ಪ್ಲೇಟಲ್ಲಿ ನಿಮಿಷಕ್ಕೆ ಸಾವಿರದ ನಾನೂರ ನಲವತ್ತು ಸುತ್ತು ಅಂತ ಇದೆಯಲ್ಲ, ಸಾವಿರದ ಐನೂರು ಯಾಕಿಲ್ಲ? ಅದನ್ನ ಹೇಳು."

"ಯಾಕೆ ಅಂದ್ರೆ, ಅದು ಸಾವಿರದ ನಾನೂರ ನಲವತ್ತರ ಮೋಟಾರು!"

ಅವಳು ನಕ್ಕಳು. ಗೇಲಿ ಮಾಡಿ ನಕ್ಕಿದ್ದರೆ ಎರಡು ಮಾತು ಬೈಯಬಹುದಿತ್ತು. ಪ್ರೀತಿಯಿಂದ ನಕ್ಕಳು, ಅದಕ್ಕೆ ಏನು ಮಾಡಲಿ?

ಅಕ್ಟೋಬರ್ 15, ಬುಧವಾರ

ಅವಳು ಗ್ರಂಥಾಲಯಕ್ಕೆ ಹೋಗಿದ್ದಾಗ ಮೆಷಿನ್ಸ್ ಪುಸ್ತಕವನ್ನು ಅಂಗಡಿಗೆ ತಂದೆ. ಅವಳಿಗೆ ಹೇಳಿಕೊಡಲು ಬೇಕಾಗುತ್ತದೆ ಎಂದು, ಅಷ್ಟೇ.

ಎಂಟುನೂರು ಪುಟ. ಮೊದಲ ಇಪ್ಪತ್ತು ಪುಟದಲ್ಲಿ ಒಂದು ಸ್ಕ್ರೂ ಸಹ ಇಲ್ಲ, ಬರೀ ಬಾಣಗಳು. ನನ್ನ ಇಂಗ್ಲಿಷು ನೇಮ್‌ಪ್ಲೇಟಿನಷ್ಟೇ. ಈ ಪುಸ್ತಕ ಬರೆದವರು ಮೋಟಾರನ್ನು ಒಮ್ಮೆಯಾದರೂ ಕೈಯಲ್ಲಿ ಎತ್ತಿದ್ದಾರೋ ಇಲ್ಲವೋ ಎಂದು ನನಗೆ ಬಲವಾದ ಅನುಮಾನ.

ಅವಳು ಬರುವ ಮೊದಲೇ ಇದ್ದಲ್ಲಿ ಇಟ್ಟುಬಂದೆ. ವಾರ್ನಿಷಿನ ಒಂದು ಬೆರಳ ಗುರುತು ಹನ್ನೊಂದನೇ ಪುಟದಲ್ಲಿ ಉಳಿದುಬಿಟ್ಟಿತು.

ನವೆಂಬರ್ 3, ಸೋಮವಾರ

ಇವತ್ತು ಎರಡು ಸಂಗತಿ ನಡೆದವು. ಒಂದು ಹೆಮ್ಮೆಯದು, ಒಂದು ಮಾನ ಹೋದದ್ದು.

ಹೆಮ್ಮೆಯದು ಮೊದಲು. ಸಾವಿರದ ನಾನೂರ ನಲವತ್ತು ಯಾಕೆ ಎಂದು ನನಗೆ ತಿಳಿಯಿತು. ಹೊರಗಿನ ಸುರುಳಿಗಳಲ್ಲಿ ಕಾಂತದ ಅಲೆಯೊಂದು ಸಾವಿರದ ಐನೂರರಲ್ಲಿ ತಿರುಗುತ್ತಿರುತ್ತದೆ. ಒಳಗಿನ ರೋಟರು ಅದನ್ನು ಹಿಡಿಯಲು ಓಡುತ್ತದೆ. ಹಿಡಿದುಬಿಟ್ಟರೆ ಎಳೆತವೇ ನಿಂತುಹೋಗುತ್ತದೆ. ಆದ್ದರಿಂದ ಯಾವಾಗಲೂ ಅರವತ್ತು ಹೆಜ್ಜೆ ಹಿಂದೆ ಉಳಿದೇ ದುಡಿಯುತ್ತದೆ. ಹೆಂಡತಿಗೆ ಹೇಳಿದೆ. "ಇದಕ್ಕೆ ಪುಸ್ತಕ ಯಾಕ್ರೀ ಬೇಕು, ಮದುವೆ ಆದಾಗಿಂದ ನೋಡ್ತಾನೇ ಇದೀನಲ್ಲ," ಎಂದಳು. ಯಾರು ಯಾರ ಹಿಂದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೂವತ್ತು ವರ್ಷದಲ್ಲಿ ಸಾವಿರಾರು ನೇಮ್‌ಪ್ಲೇಟು ಒರೆಸಿದ್ದೇನೆ. ಒಂದು ದಿನವಾದರೂ ಯಾಕೆ ಎಂದು ಕೇಳಲಿಲ್ಲವಲ್ಲ ನಾನು!

ಇನ್ನು ಮಾನ ಹೋದದ್ದು. ಇದನ್ನೇ ಯೋಚಿಸುತ್ತ ಬೇಕರಿಯವರ ಮೋಟಾರಿನಲ್ಲಿ ಒಂದು ಕಾಯಿಲ್ ಗುಂಪನ್ನು ತಿರುವುಮುರುವಾಗಿ ಜೋಡಿಸಿದೆ. ಸ್ವಿಚ್ ಹಾಕಿದರೆ ಮೋಟಾರು ತಿರುಗುವ ಬದಲು ಗುರ್ರ್ ಎಂದಿತು. ಬೇಕರಿಯವರು ಎದುರಿಗೇ ನಿಂತಿದ್ದರು.

"ಏನ್ ಮೇಸ್ತ್ರಿ, ಹಿಟ್ಟು ಕಲಸ್ತೀನಿ ಅನ್ನೋದು ಬಿಟ್ಟು ಕಚ್ತೀನಿ ಅಂತಿದೆಯಲ್ಲ ಇದು?"

ಕೆಲಸ ಕಲಿಯುವವರು ಮೊದಲ ತಿಂಗಳಲ್ಲಿ ಮಾಡುವ ತಪ್ಪು. ಮತ್ತೆ ಬಿಚ್ಚಿದೆ.

ನವೆಂಬರ್ 7, ಶುಕ್ರವಾರ

ಹೆಂಡತಿ ಓದುವ ಕನ್ನಡಕ ತಂದುಕೊಟ್ಟಳು. ಹೇಳದೆ ಕೇಳದೆ ಅಂಗಡಿಯ ಮೇಜಿನ ಮೇಲಿಟ್ಟು ಹೋದಳು. ನಾನು ಪುಸ್ತಕ ಮುಟ್ಟುವುದು ಅವಳಿಗೆ ಹೇಗೆ ಗೊತ್ತಾಯಿತೋ!

ನವೆಂಬರ್ 16, ಭಾನುವಾರ

ಈಗ ನಮ್ಮ ಪಾಠದ ಕ್ರಮ ಬದಲಾಗಿದೆ. ಪುಸ್ತಕದ ಪ್ರಶ್ನೆಗಳನ್ನು ನಾನು ಕೇಳುತ್ತೇನೆ, ಅವಳು ಬಿಡಿಸುತ್ತಾಳೆ. ಪ್ರಶ್ನೆ ಕೇಳುವವನೇ ಮೇಷ್ಟ್ರು ಎಂಬುದು ಲೋಕವೇ ಒಪ್ಪಿದ ಮಾತು. ಉತ್ತರ ನನಗೆ ಗೊತ್ತಿಲ್ಲ ಎಂಬುದು ನನ್ನೊಳಗೇ ಇರುವ ಗುಟ್ಟು.

ಆದರೆ ನಾನು ಸುಮ್ಮನೆ ಒಪ್ಪುವ ಆಸಾಮಿ ಅಲ್ಲ.

"ನಷ್ಟ ಇಲ್ಲ ಅಂತ ಇಟ್ಕೊಳ್ಳೋಣ," ಎಂದು ಅವಳು ಶುರು ಮಾಡುತ್ತಾಳೆ.

"ಯಾಕಮ್ಮ ಇಟ್ಕೊಳ್ಬೇಕು? ಕೈ ಇಟ್ಟು ನೋಡು, ಬಿಸಿ ಆಗಿಲ್ವಾ? ಆ ಬಿಸಿ ಎಲ್ಲಿಂದ ಬಂತು?"

"ಅಯ್ಯೋ ಅಪ್ಪಾ, ಅದು ಮುಂದಿನ ಅಧ್ಯಾಯ!"

ಆಮೇಲೆ ಮುಂದಿನ ಅಧ್ಯಾಯ ತೆಗೆದು ನನಗೆ ಬಿಡಿಸಿ ಹೇಳುತ್ತಾಳೆ. ನನಗೆ ಹೇಳುತ್ತ ಹೇಳುತ್ತ ನಡುವೆ ಅವಳೇ "ಓ! ಹೀಗಾ ಇದು?" ಎಂದು ತನಗೆ ತಾನೇ ಹೇಳಿಕೊಂಡು ಏನೋ ಬರೆದುಕೊಳ್ಳುತ್ತಾಳೆ. ಮೂರು ವಾರದಿಂದ ಅವಳು ಒಮ್ಮೆಯೂ ಹಾರಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು.

ಇವತ್ತು ಟ್ರಾನ್ಸ್‌ಫಾರ್ಮರಿನ ಸರದಿ. ನನ್ನ ಗುರುಗಳ ವಿಷಯ ಹೇಳಿದೆ. ಇನ್ನೂರು ಸುತ್ತು ಬೇಕಾದ ಕಡೆ ಅವರು ಇನ್ನೂರ ಹತ್ತು ಸುತ್ತಿಸುತ್ತಿದ್ದರು. ಲೋಡು ಬಿದ್ದಾಗ ವೋಲ್ಟೇಜು ಸ್ವಲ್ಪ ಕುಸಿಯುತ್ತದೆ, ಮೇಲಿನ ಆ ಹತ್ತು ಸುತ್ತು ಅದನ್ನು ಎತ್ತಿ ಹಿಡಿಯುತ್ತದೆ. ನಾನು ಸುತ್ತಿದ ಒಂದೇ ಒಂದು ಟ್ರಾನ್ಸ್‌ಫಾರ್ಮರ್ ಈವರೆಗೆ ವಾಪಸು ಬಂದಿಲ್ಲ. ಫ್ಯೂಸಿಗೆ ಆರು ವರ್ಷವಿದ್ದಾಗಲೇ ಇದು ಬಾಯಿಪಾಠವಾಗಿತ್ತು. ಅಂಗಡಿಗೆ ಬಂದವರ ಎದುರು "ಮೇಲೆ ಹತ್ತು ಯಾಕೆ ಪುಟ್ಟಾ?" ಎಂದು ಕೇಳಿದರೆ "ಲೋಡು ಬಂದ್ರೆ ಬಗ್ಗಬಾರದು ಅಂತ!" ಎನ್ನುತ್ತಿದ್ದಳು.

ಅದನ್ನು ನೆನಪಿಸಿದರೆ ಅವಳು ಯಾಕೋ ನಗಲಿಲ್ಲ. ಬಿಸಿಲು ಜಾಸ್ತಿ, ಇವತ್ತಿಗೆ ಸಾಕು ಎಂದು ಎದ್ದುಹೋದಳು.

ನವೆಂಬರ್ 24, ಸೋಮವಾರ

ಬೇಕರಿಯವರು ಇನ್ನೊಂದು ಮೋಟಾರು ತಂದರು. "ಹೋದ ಸಲ ಕಚ್ಚೋಕೆ ಬಂತು, ಈ ಸಲ ಬೊಗಳದೇ ಇದ್ರೆ ಸಾಕು," ಎಂದರು. ಊರಿಗೆಲ್ಲ ಹೇಳಿರುತ್ತಾರೆ.

ಸುತ್ತುವಾಗ ಅವರು ಮಾತಾಡಿಸುತ್ತಲೇ ಇದ್ದರು, ನಾನು "ನಲವತ್ತೇಳು" ಎಂದು ಕೂಗಿದೆ. ಅವರು ಗಾಬರಿಯಾದರು. ಒಳಗಿನಿಂದ ಹೆಂಡತಿ ಅರ್ಥ ಹೇಳಿದಳು. ನಾನು ಸುತ್ತು ಎಣಿಸುತ್ತಿರುವಾಗ ಯಾರು ಕರೆದರೂ ಅಷ್ಟು ಹೊತ್ತಿಗೆ ಎಷ್ಟಾಗಿದೆಯೋ ಆ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತೇನೆ. ತಾಳಿ, ಮುಗಿಯಲಿ ಎಂದು ಅದರ ಅರ್ಥ. ತಂತಿ ಸುತ್ತುವ ಯಂತ್ರಕ್ಕೆ ಎಣಿಕೆಯ ಮುಳ್ಳೇನೋ ಇದೆ, ಆದರೆ ನಾನು ಅದನ್ನು ನಂಬುವುದಿಲ್ಲ. ಮನೆಯಲ್ಲಿ ಇದು ಎಲ್ಲರಿಗೂ ರೂಢಿ. ಮಗಳು ಹುಟ್ಟಿದ ಸುದ್ದಿ ಹೇಳಲು ಬಂದ ನನ್ನ ಅತ್ತೆಯೂ ಅರವತ್ತೆರಡರಿಂದ ನೂರಾಗುವವರೆಗೆ ಬಾಗಿಲಲ್ಲಿ ನಿಂತಿದ್ದರಂತೆ. ಆ ವಿಷಯ ಈಗಲೂ ಮಾತಿಗೆ ಬರುತ್ತದೆ.

ಡಿಸೆಂಬರ್ 2, ಮಂಗಳವಾರ

ಪುಸ್ತಕ ತರಲು ಹೋದಾಗ ಅದರೊಳಗಿಂದ ಹೋದ ವರ್ಷದ ಪ್ರಶ್ನೆಪತ್ರಿಕೆ ಬಿತ್ತು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ತಾನು ಏನು ಉತ್ತರ ಕೊಟ್ಟೆ ಎಂದು ಅವಳು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾಳೆ.

ನಲವತ್ತೊಂದನೇ ಪ್ರಶ್ನೆ. ಎರಡು ಅಂಕ. ಟ್ರಾನ್ಸ್‌ಫಾರ್ಮರಿನ ಒಂದು ಕಡೆ ಇನ್ನೂರು ವೋಲ್ಟು, ನಾನೂರು ಸುತ್ತು. ಇನ್ನೊಂದು ಕಡೆ ನೂರು ವೋಲ್ಟು ಬೇಕು, ಎಷ್ಟು ಸುತ್ತು? ಮಗುವೂ ಹೇಳುತ್ತದೆ, ಇನ್ನೂರು ಎಂದು.

ಅವಳು ಬರೆದದ್ದು ಇನ್ನೂರ ಹತ್ತು.

ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಅಪ್ಪನ ಹತ್ತು ಸುತ್ತು."

ಹೋದ ವರ್ಷ ಅವಳಿಗೆ ಸೀಟು ತಪ್ಪಿದ್ದು ಒಂದೂವರೆ ಅಂಕದಲ್ಲಿ.

ಡಿಸೆಂಬರ್ 3, ಬುಧವಾರ

ಅಂಗಡಿ ತೆರೆಯಲಿಲ್ಲ.

ಡಿಸೆಂಬರ್ 5, ಶುಕ್ರವಾರ

ಹೆಂಡತಿಗೆ ಮೊದಲೇ ಗೊತ್ತಿತ್ತಂತೆ. "ನಿಮಗೆ ಗೊತ್ತಾದ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಕೂತ್ಬಿಡ್ತೀರಿ, ಹೇಳ್ಬೇಡ ಅಂತ ಅವಳೇ ಅಂದಿದ್ಲು," ಎಂದಳು. ನಾನು ಕೂತಿರುವುದು ಎಲ್ಲಿ ಎಂದು ನೋಡಿದೆ. ಬಾಗಿಲು ಹಾಕಿದ ಅಂಗಡಿಯಲ್ಲಿ.

ಫ್ಯೂಸಿಗೆ ಇನ್ನು ನಾನು ಪಾಠ ಹೇಳುವುದಿಲ್ಲ ಎಂದುಬಿಟ್ಟೆ. ಕೆಲಸ ಹೆಚ್ಚಾಗಿದೆ ಎಂದು ನೆಪ ಹೇಳಿದೆ. ಒಂದು ವರ್ಷ ಅವಳಿಂದ ಕಿತ್ತುಕೊಂಡದ್ದು ಸಾಲದೇ?

ಡಿಸೆಂಬರ್ 7, ಭಾನುವಾರ

ಫ್ಯೂಸು ಹಾರಿತು.

ಪ್ರಶ್ನೆಪತ್ರಿಕೆಯನ್ನು ಹಿಡಿದುಕೊಂಡೇ ಅಂಗಡಿಗೆ ಬಂದಳು. "ಎರಡ್ ದಿನದಿಂದ ನೋಡ್ತಿದೀನಿ. ಇದನ್ನ ನೋಡಿದ್ಯಲ್ಲ ನೀನು? ಪುಟದ ಮೇಲೆಲ್ಲ ವಾರ್ನಿಷ್ ಬೆರಳು. ಕಳ್ಳತನ ಮಾಡೋರು ಕೈ ತೊಳ್ಕೊಂಡು ಮಾಡ್ಬೇಕು."

"ತಪ್ಪಾಯ್ತಮ್ಮ," ಎಂದೆ. "ನಾನು ಕಲಿಸಿದ್ದೆಲ್ಲ ಮರೆತ್ಬಿಡು."

"ಯಾಕ್ ಮರೀಬೇಕು?" ಎಂದು ಕೂಗಿದಳು. "ಪ್ರಶ್ನೆ ಸರಿಯಾಗಿ ಓದ್ದೇ ಇದ್ದಿದ್ದು ನಾನು. ನೋಡಿಲ್ಲಿ, ಏನಂತಿದೆ? ಆದರ್ಶ ಟ್ರಾನ್ಸ್‌ಫಾರ್ಮರ್. ಆದರ್ಶ ಅಂದ್ರೆ ನಷ್ಟವೇ ಇಲ್ಲದ್ದು. ಬಿಸಿ ಆಗಲ್ಲ, ಲೋಡು ಹಾಕಿದ್ರೆ ಕುಸಿಯಲ್ಲ."

ನಾನು ಕನ್ನಡಕ ಹಾಕಿಕೊಂಡು ಓದಿದೆ. ಹೌದು, ಹಾಗೇ ಇತ್ತು.

"ಮೂವತ್ತು ವರ್ಷದಲ್ಲಿ ಅಂಥದ್ದೊಂದನ್ನೂ ಯಾರೂ ರಿಪೇರಿಗೆ ತಂದಿಲ್ವಲ್ಲೇ!"

"ಅದು ಕೆಡೋದೇ ಇಲ್ಲಪ್ಪಾ, ಹ್ಯಾಗೆ ತರ್ತಾರೆ?"

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಅಂತೂ ಒಳಗಿನಿಂದ ಹೆಂಡತಿ ಬಂದು ಇಬ್ಬರಿಗೂ ಏನಾಗಿದೆ ಎಂದು ನೋಡಿಹೋದಳು. ನಗು ನಿಂತ ಮೇಲೆ ಫ್ಯೂಸು ಸ್ಟೂಲಿನ ಮೇಲೆ ಕೂತಳು. "ಅಪ್ಪಾ, ನಂಗೆ ಮೆಷಿನ್ಸ್ ಕಷ್ಟ ಯಾಕೆ ಗೊತ್ತಾ? ಪುಸ್ತಕದಲ್ಲಿ ಒಂದು ಇರುತ್ತೆ, ನಿನ್ನ ಅಂಗಡೀಲಿ ಒಂದು ಇರುತ್ತೆ. ಪ್ರಶ್ನೆ ನೋಡಿದ ಕೂಡ್ಲೇ ನಂಗೆ ನಿನ್ನ ಅಂಗಡೀನೇ ಕಣ್ಣಿಗೆ ಬರೋದು. ಈಗ ಎರಡೂ ಒಂದೇ ಅಂತ ಕಾಣ್ತಾ ಇದೆ, ಇಷ್ಟು ದಿನ ನೀನು ತಕರಾರು ಮಾಡಿ ಮಾಡಿ. ಈಗ ನಿಲ್ಲಿಸಿದ್ರೆ ನಾನು ಏನ್ ಮಾಡ್ಲಿ?"

ಆಗಲಿ, ತಕರಾರು ಮಾಡುವುದೇ ಆದರೆ ನನಗೇನೂ ಕಷ್ಟವಿಲ್ಲ. ಪ್ರತಿ ಪ್ರಶ್ನೆಗೂ ಮೊದಲು "ಇದು ಆದರ್ಶದ್ದಾ, ಅಂಗಡೀದಾ?" ಎಂದು ಕೇಳಬೇಕು ಎಂದು ನಿಯಮ ಮಾಡಿಕೊಂಡೆವು. ಅಲ್ಲೇ ಶುರು ಮಾಡಿದೆವು.

ಜನವರಿ 11, ಭಾನುವಾರ

ಬಹಳ ದಿನದಿಂದ ಬರೆದಿಲ್ಲ. ಓದುವುದಿತ್ತು. ಅಂದರೆ ಅವಳಿಗೆ ಓದುವುದಿತ್ತು.

ಗುರುಗಳ ಹತ್ತು ಸುತ್ತಿಗೆ ಪುಸ್ತಕದಲ್ಲಿ ಹೆಸರಿದೆ! ತೊಂಬತ್ತಾರನೇ ಪುಟ. ರೆಗ್ಯುಲೇಷನ್ ಎನ್ನುತ್ತಾರೆ. ಲೋಡು ಬಿದ್ದಾಗ ಎಷ್ಟು ಕುಸಿಯುತ್ತದೆ ಎಂದು ಸುತ್ತುವ ಮೊದಲೇ ಲೆಕ್ಕ ಹಾಕಿ ಹೇಳಬಹುದಂತೆ. ನಂಬಿಕೆ ಬರಲಿಲ್ಲ. ನಾನು ಸುತ್ತಿದ್ದ ಒಂದು ಟ್ರಾನ್ಸ್‌ಫಾರ್ಮರನ್ನು ಮೇಜಿನ ಮೇಲಿಟ್ಟೆ. ತಂತಿಯ ತಡೆ ಅಳೆದೆ, ಒಂದು ಬದಿಯ ಎರಡೂ ತುದಿ ಜೋಡಿಸಿ ಇನ್ನೊಂದು ಬದಿಯಿಂದ ಅಳೆದೆ, ಪುಸ್ತಕದಲ್ಲಿ ಹೇಳಿದ ಹಾಗೆ ಗುಣಿಸಿ ಕೂಡಿಸಿದೆ. ನಾಲ್ಕು ಸಲ ತಪ್ಪಿತು, ಐದನೇ ಸಲಕ್ಕೆ ನೂರಕ್ಕೆ ಮೂರು ಎಂದು ಬಂತು. ಆಮೇಲೆ ಬಲ್ಬುಗಳ ಸಾಲು ಹಚ್ಚಿ ಪೂರ್ತಿ ಲೋಡು ಕೊಟ್ಟು ಮೀಟರು ನೋಡಿದೆ. ಮೂರೇ!

ಇನ್ನೂರು ಸುತ್ತಿಗೆ ಹತ್ತು ಬೇಕಿರಲಿಲ್ಲ, ಆರು ಸಾಕಿತ್ತು. ಗುರುಗಳ ಹತ್ತರಲ್ಲಿ ಆರು ಲೋಡಿಗೆ, ಉಳಿದ ನಾಲ್ಕು ಭಯಕ್ಕೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ನಾನೂ ಇಷ್ಟು ವರ್ಷ ಆ ನಾಲ್ಕನ್ನು ಸುತ್ತಿದವನೇ ತಾನೇ?

ಫ್ಯೂಸಿಗೆ ಹೇಳೋಣ ಎಂದು ಎದ್ದೆ. ಅವಳು ಸಿಗ್ನಲ್ಲಿನ ಪುಸ್ತಕದಲ್ಲಿ ಮುಳುಗಿದ್ದಳು. ಪರೀಕ್ಷೆಗೆ ನಾಲ್ಕೇ ವಾರ ಉಳಿದಿದೆ, ನನ್ನದೊಂದು ಆರು ಸುತ್ತಿನ ಗಲಾಟೆ ಯಾಕೆ ಎಂದು ಸುಮ್ಮನಾದೆ.

ಜನವರಿ 25, ಭಾನುವಾರ

ಮಾದರಿ ಪರೀಕ್ಷೆ ಬರೆದಳು. ಮೆಷಿನ್ಸ್ ಭಾಗದಲ್ಲಿ ಒಂಬತ್ತಕ್ಕೆ ಎಂಟು ಸರಿ. ಉಳಿದ ಕಾಗದ ಹಾಳಾಗಬಾರದು ಎಂದು ಅದೇ ಒಂಬತ್ತನ್ನು ನಾನೂ ಅಂಗಡಿಯಲ್ಲಿ ಕೂತು ಬಿಡಿಸಿದೆ. ಐದು ಸರಿ. ಹೆಂಡತಿ ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ "ಪ್ರಗತಿ ಇದೆ, ಅಕ್ಷರ ಸುಧಾರಿಸಬೇಕು" ಎಂದು ಬರೆದು ಸಹಿ ಹಾಕಿದಳು.

ಫೆಬ್ರವರಿ 7, ಶನಿವಾರ

ನಾಳೆ ಪರೀಕ್ಷೆ. ನಾಲ್ಕು ತಿಂಗಳಿಂದ ಪರೀಕ್ಷೆಯ ಮಾತೆತ್ತದೆ ಇದ್ದೇನೆ. ನನಗೆ ಯಾರಾದರೂ ಬಹುಮಾನ ಕೊಡಬೇಕು.

ಫೆಬ್ರವರಿ 8, ಭಾನುವಾರ

ಮಧ್ಯಾಹ್ನ ಬಂದಳು. ಬೇಕರಿಯವರು ಕಳಿಸಿದ್ದ ಬನ್ನುಗಳಲ್ಲಿ ಮೂರನ್ನು ನಿಂತಲ್ಲೇ ತಿಂದಳು. ನಾನು ಸ್ಪ್ಯಾನರ್ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

"ಕೇಳಪ್ಪಾ, ಕೇಳು. ಇಲ್ಲಾಂದ್ರೆ ಒಡೆದು ಹೋಗ್ತೀಯ."

"ಟ್ರಾನ್ಸ್‌ಫಾರ್ಮರ್ ಬಂದಿತ್ತಾ?"

"ಬಂದಿತ್ತು."

"ಆದರ್ಶದ್ದಾ, ಅಂಗಡೀದಾ?"

"ಆದರ್ಶದ್ದೇ. ಒಂದ್ ಸುತ್ತೂ ಹೆಚ್ಚು ಕೊಡ್ದೆ ಬರಿಗೈಲಿ ಕಳಿಸ್ದೆ."

ನಾನು ಭಲೇ ಎಂದು ಅವಳ ಬೆನ್ನು ತಟ್ಟಿದೆ. ಸಂತೋಷವೇ ಆಯಿತು. ಒಳಗೆ ಎಲ್ಲೋ ಒಂದು ಕಡೆ ಚುರುಕ್ ಎಂದದ್ದೂ ನಿಜ. ಅಂಥ ಟ್ರಾನ್ಸ್‌ಫಾರ್ಮರಿಗೆ ನನ್ನಿಂದ ಏನೂ ಬೇಡ ನೋಡಿ.

ಮಾರ್ಚ್ 19, ಗುರುವಾರ

ಅಕ್ಷರ ಸುಧಾರಿಸುವ ದಿನ ಇದಲ್ಲ.

ಔಷಧಿ ಅಂಗಡಿಯ ಫ್ರಿಜ್ಜಿಗೆ ಬೇಕಾದ ಟ್ರಾನ್ಸ್‌ಫಾರ್ಮರು ಸುತ್ತುತ್ತಿದ್ದೆ. ಇನ್ನೂರು ಸುತ್ತಿನದು. ಬಾಗಿಲಲ್ಲಿ "ಅಪ್ಪಾ" ಎಂದಿತು. ನಾನು ತಲೆ ಎತ್ತದೆ "ನೂರ ಎಂಬತ್ತೇಳು!" ಎಂದು ಕೂಗಿದೆ. ಆಮೇಲೆ ತಲೆ ಎತ್ತಿದೆ. ಫ್ಯೂಸು ಫೋನು ಹಿಡಿದು ನಿಂತಿದ್ದಳು. ಹಿಂದೆ ಹೆಂಡತಿ, ಹೆಗಲಲ್ಲಿ ಚೀಲ ಹಾಗೇ ಇತ್ತು, ಕೆಲಸದ ನಡುವೆಯೇ ಓಡಿಬಂದಿದ್ದಾಳೆ. ಫಲಿತಾಂಶ ಇವತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

ಇಬ್ಬರ ಮುಖ ನೋಡಿದರೂ ಏನೂ ತಿಳಿಯಲಿಲ್ಲ. ನಿಲ್ಲಿಸಿ ಕೇಳಬಹುದಿತ್ತು. ನಿಲ್ಲಿಸಿದರೆ ಕೇಳಬೇಕಾಗುತ್ತದಲ್ಲ ಎಂದೇ ನಿಲ್ಲಿಸಲಿಲ್ಲ. ನನಗೆ ಅಷ್ಟು ಹೆದರಿಕೆಯಾಗಿತ್ತು. ನೂರ ಎಂಬತ್ತೆಂಟು, ನೂರ ಎಂಬತ್ತೊಂಬತ್ತು ಎಂದು ಗಟ್ಟಿಯಾಗಿ ಎಣಿಸುತ್ತ ಹೋದೆ. ಅವರು ಕಾದರು. ನೂರ ತೊಂಬತ್ತೈದರ ಹೊತ್ತಿಗೆ ಫ್ಯೂಸೂ ನನ್ನ ಜೊತೆ ಎಣಿಸತೊಡಗಿದಳು, ಚಿಕ್ಕಂದಿನಲ್ಲಿ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದ ಹಾಗೇ. ಇನ್ನೂರು. ಇನ್ನೂರ ಒಂದು. ಇನ್ನೂರ ಎರಡು.

ಇನ್ನೂರ ಆರಕ್ಕೆ ನಾನು ಕೈ ನಿಲ್ಲಿಸಿ ತಂತಿ ಕತ್ತರಿಸಿದೆ. ಅವಳೊಬ್ಬಳೇ "ಇನ್ನೂರ ಏಳು" ಎಂದು ಮುಂದೆ ಹೋಗಿ ನಿಂತಳು.

"ಅಪ್ಪಾ, ಇನ್ನೂ ನಾಲ್ಕಿದೆ."

"ಬೇಡ, ಆರೇ ಸಾಕು. ಲೆಕ್ಕ ಹಾಕಿದೀನಿ. ತೊಂಬತ್ತಾರನೇ ಪುಟದಲ್ಲಿದೆ ನೋಡು."

ಅವಳು ನನ್ನನ್ನು ನೋಡಿದಳು, ಕತ್ತರಿಸಿದ ತಂತಿಯ ತುದಿ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಇದ್ದಕ್ಕಿದ್ದ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹೋಯಿತು, ಈ ಸಲವೂ ಹೋಯಿತು ಎಂದುಕೊಂಡೆ.

"ಚೆನ್ನಾಗಿದೆ ನಿಮ್ಮ ಸಂಸಾರ," ಎಂದಳು ಹೆಂಡತಿ. ಅವಳ ದನಿಯೂ ಸರಿಯಿರಲಿಲ್ಲ. "ಸೀಟು ಸಿಕ್ಕಿದೋಳು ಅಳ್ತಾ ಕೂತಿದಾಳೆ, ಓದಿಸಿದೋರು ಪುಟದ ನಂಬರ್ ಹೇಳ್ತಾ ಕೂತಿದಾರೆ. ನಾನು ಮಾತ್ರ ಕೆಲಸ ಬಿಟ್ಟು ಬಂದಿದೀನಿ."

ಮೋಟಾರು, ಟ್ರಾನ್ಸ್‌ಫಾರ್ಮರುಗಳ ವಿಷಯವನ್ನೇ ಆರಿಸಿಕೊಳ್ಳುತ್ತಾಳಂತೆ. ಹನ್ನೊಂದರಲ್ಲಿ ಅದೇ ಬೇಕಿತ್ತೇ ಎಂದು ಕೇಳಿದೆ. ಅದೇ ಬೇಕು ಎಂದಳು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಜುಲೈ 20, ಸೋಮವಾರ

ಇವತ್ತು ಹೊರಟಳು. ನಿನ್ನೆಯೆಲ್ಲ ಪೆಟ್ಟಿಗೆ ಕಟ್ಟುವ ಗಲಾಟೆ. ಹತ್ತು ವಿಷಯದ ಪುಸ್ತಕಗಳೂ ಸಿಕ್ಕವು, ಮೆಷಿನ್ಸ್ ಪುಸ್ತಕ ಮಾತ್ರ ಎಲ್ಲಿ ಹುಡುಕಿದರೂ ಇಲ್ಲ. ನಾನೂ ಕೈಜೋಡಿಸಿದೆ. ಮಂಚದ ಕೆಳಗೆ ಬಗ್ಗಿ ನೋಡಿದೆ, ಅಡುಗೆಮನೆಯ ಕಪಾಟನ್ನೂ ಬಿಡಲಿಲ್ಲ. ವಾರ್ನಿಷ್ ಡಬ್ಬಗಳ ಹಿಂದೆ ನೋಡೋಣ ಎಂದು ಹೆಂಡತಿ ಎದ್ದಳು, ಅಲ್ಲಿ ಧೂಳು ಜಾಸ್ತಿ ಎಂದು ನಾನೇ ತಡೆದೆ.

ಫ್ಯೂಸು ನನ್ನನ್ನೇ ಒಂದು ಗಳಿಗೆ ನೋಡಿದಳು. "ಹೋಗ್ಲಿ ಬಿಡಪ್ಪಾ. ಅಲ್ಲಿ ಲೈಬ್ರರೀಲಿ ಸಿಗುತ್ತೆ," ಎಂದಳು.

ನನಗೆ ಓದಲು ಇನ್ನೂ ಅರ್ಧಕ್ಕಿಂತ ಹೆಚ್ಚು ಬಾಕಿ ಇದೆ, ನಾನಾದರೂ ಏನು ಮಾಡಲಿ?

ಬಸ್ಸು ಹತ್ತುವಾಗ ಅವಳು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. "ಲೋಡು ಬಂದ್ರೆ ಬಗ್ಗಬಾರದು, ಆಯ್ತಾ?" ಎಂದಳು. ಅದನ್ನು ಹೇಳಬೇಕಾದವನು ನಾನು. ಆದರೆ ಅವಳೇ ಹೇಳಿದ್ದು ಒಳ್ಳೆಯದಾಯಿತು.

ಜುಲೈ 22, ಬುಧವಾರ

ಅವಳ ಕೋಣೆ ಗುಡಿಸಲು ಹೋದೆ. ಗೋಡೆಯ ಮೇಲಿನ ಹಾಳೆ ಹಾಗೇ ಇದೆ ಎಂದುಕೊಂಡಿದ್ದೆ. ಹತ್ತಿರ ಹೋಗಿ ನೋಡಿದರೆ ಹೊಸ ಹಾಳೆ. ಅದೇ ಹನ್ನೊಂದು ವಿಷಯ, ಎದುರಿಗೆ ಹೊಸ ತಾರೀಕುಗಳು. ಕಟ್ಟಕಡೆಯಲ್ಲಿದ್ದ ಮೆಷಿನ್ಸ್ ಈಗ ಮೊದಲಿಗೆ ಬಂದಿದೆ, ಗಣಿತ ಎರಡನೆಯದು. ಮೇಲೆ ದಪ್ಪ ಅಕ್ಷರದಲ್ಲಿ "ಅಪ್ಪ" ಎಂದು ಬರೆದಿದ್ದಾಳೆ. ಸಾಮಾನ್ಯ ಬುದ್ಧಿಯ ಎದುರಿಗೆ "ಅಮ್ಮನನ್ನು ಕೇಳುವುದು" ಎಂದಿದೆ.

ಏನು ತಮಾಷೆ ಇದು! ಈ ವಯಸ್ಸಿನಲ್ಲಿ ಇದಕ್ಕೆಲ್ಲ ಯಾರಿಗೆ ಪುರುಸೊತ್ತಿದೆ? ಅಂಗಡಿಯಲ್ಲಿ ಎರಡು ಮೋಟಾರು ಬಂದು ಬಿದ್ದಿವೆ. ಹಾಳೆಯನ್ನು ಕೀಳೋಣ ಎಂದು ಕೈ ಹಾಕಿದೆ. ಕಿತ್ತರೆ ಗೋಡೆಯ ಬಣ್ಣ ಏಳುತ್ತದೆ ಎಂದು ಬಿಟ್ಟೆ. ವಾರ್ನಿಷ್ ಒಣಗಲು ಇನ್ನೂ ಹೊತ್ತಿತ್ತು, ಅಲ್ಲೇ ಅವಳ ಕುರ್ಚಿಯಲ್ಲಿ ಕೂತೆ.

ಊಟಕ್ಕೆ ಬನ್ನಿ ಎಂದು ಹೆಂಡತಿ ಕರೆದಳು. ಎರಡನೇ ಸಲ ಕರೆದಾಗ "ಇನ್ನೂರ ಹದಿನಾಲ್ಕು!" ಎಂದು ಕೂಗಿದೆ.

ಅವಳು ಬಾಗಿಲಿಗೆ ಬಂದಳು. "ಕೈಲಿ ತಂತಿ ಇಲ್ಲ, ಎದುರಿಗೆ ಮೋಟಾರಿಲ್ಲ. ಏನನ್ನ ಎಣಿಸ್ತಾ ಇದೀರಿ?"

ಪುಟ ಮುಗಿಯುವವರೆಗೆ ನಾನು ಮೆಷಿನ್ಸ್ ಪುಸ್ತಕದಿಂದ ತಲೆ ಎತ್ತಲಿಲ್ಲ. ಅವಳು ಕಾದಳು.